ಚಿಕಿತ್ಸೆಯ ಮೂರನೆಯ ಪಾದ

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಖುಡ್ಡಾಕ ಚತುಷ್ಪಾದ ಎಂದು ಹೆಸರು. ಚಿಕಿತ್ಸೆಯು ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಮತ್ತು ರೋಗಿ ಎಂಬ ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆಂದು ಆಚಾರ್ಯರು ಅಲ್ಲಿ ನಿರೂಪಿಸುತ್ತಾರೆ. ಉಪಸ್ಥಾತೃ ಎಂದರೆ ರೋಗಿಯ ಬಳಿ ನಿಂತು ಆರೈಕೆ ಮಾಡುವವರು. ಇಂದಿನ ಸರ್ಕಾರಿ ಭಾಷೆಯಲ್ಲಿ ಶುಶ್ರೂಷಾಧಿಕಾರಿ. ನಮ್ಮ ಜನರ ಬಾಯಲ್ಲಿ ಸಿಸ್ಟರಮ್ಮ. ಇವರಿಗೆ ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಇರಬೇಕೆಂದು ಶಾಸ್ತ್ರದ ವಿಧಿ. ಕಾಲೇಜಿನಲ್ಲಿ ಇದನ್ನು ಕಂಠಪಾಠ ಮಾಡಿ ಅಂಕ ಪಡೆದವನು ನಾನು. ಅದರ ಅರ್ಥ ತಿಳಿದದ್ದು ಬಹಳ ವರ್ಷಗಳ ಮೇಲೆ, ಸಾಲಗುಂದದ ಒಬ್ಬ ತಾಯಿಯಿಂದ.

ಈ ಮೇ ತಿಂಗಳ 8ನೆಯ ತಾರೀಖು ವಿಶ್ವ ಥಲಸ್ಸೇಮಿಯಾ ದಿನ. 12ನೆಯದು ಫ್ಲಾರೆನ್ಸ್ ನೈಟಿಂಗೇಲ್ ಅವರು 1820ರಲ್ಲಿ ಜನಿಸಿದ ದಿನ, ಶುಶ್ರೂಷಕಿಯರ ದಿನ. ಎರಡನ್ನೂ ಕೂಡಿಸಿ ಬರೆಯಲು ನನಗೆ ಆ ತಾಯಿಯ ಪ್ರಸಂಗವೇ ಸಾಕು. ಆಕೆಯ ಗುರುತನ್ನು ಹೇಳುವುದಿಲ್ಲ.

ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಆಕೆ ಮೊದಲು ಬಂದಾಗ ಭತ್ತದ ನಾಟಿಯ ಕಾಲ. ಮಗು ಬಿಳಿಚಿಕೊಂಡಿತ್ತು, ತೂಕ ಏರಿರಲಿಲ್ಲ, ಹೊಟ್ಟೆ ಕೊಂಚ ಉಬ್ಬಿತ್ತು. ನಾನು ಪಾಂಡುರೋಗವೆಂದು ನಿರ್ಣಯಿಸಿದೆ. ಪಾಂಡುವಿಗೆ ಲೋಹ, ಮಂಡೂರಗಳ ಯೋಗಗಳು ಪ್ರಸಿದ್ಧವಾದವು. ಮಗುವಿನ ವಯಸ್ಸಿಗೆ ತಕ್ಕ ಮಾತ್ರೆಯಲ್ಲಿ ಲೋಹಯುಕ್ತವಾದ ಔಷಧವನ್ನೇ ಕೊಟ್ಟೆ. ಎರಡು ತಿಂಗಳಾದರೂ ಬಣ್ಣ ತಿರುಗಲಿಲ್ಲ. ಆಗಲೇ ನಿಂತು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಔಷಧವನ್ನು ಮುಂದುವರಿಸಿರೆಂದು ಹೇಳಿ ಕಳುಹಿಸಿದೆ.

ಮಗುವಿಗೆ ಏದುಸಿರು ಬಂದಾಗ ತಂದೆ ತಾಯಿ ಸಿಂಧನೂರಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ನಗರದ ದೊಡ್ಡ ಆಸ್ಪತ್ರೆಗೆ ಹೋದರು. ರಕ್ತಪರೀಕ್ಷೆಯಲ್ಲಿ ಬೀಟಾ ಥಲಸ್ಸೇಮಿಯಾ ಮೇಜರ್ ಎಂದು ತಿಳಿಯಿತು. ರಕ್ತ ಹಾಕಿಸಿಕೊಂಡು ಊರಿಗೆ ಮರಳಿದರು. ಮೂರು ವಾರಕ್ಕೊಮ್ಮೆ ಹೋಗುವುದು ವಾಡಿಕೆಯಾಯಿತು. ನನ್ನ ಔಷಧವನ್ನೂ ಬಿಡಲಿಲ್ಲ. ಅದು ರಕ್ತದ ಔಷಧವೆಂದು ನಾನೇ ಹೇಳಿದ್ದೆನಲ್ಲ!

ನಾಲ್ಕನೆಯ ಸಲವೋ ಐದನೆಯ ಸಲವೋ ಅಲ್ಲಿಯ ಒಬ್ಬ ಶುಶ್ರೂಷಕಿ ಮಗುವಿನ ಕೈಗೆ ಪಟ್ಟಿ ಸುತ್ತುತ್ತ ಕೇಳಿದರಂತೆ: "ಮನೆಯಲ್ಲಿ ಬೇರೆ ಏನಾದರೂ ಕೊಡುತ್ತೀಯೇನಮ್ಮ?" ಅದುವರೆಗೆ ಯಾರೂ ಕೇಳಿರದ ಪ್ರಶ್ನೆ. ತಾಯಿ ಕೈಚೀಲದಿಂದ ಶೀಶೆಯನ್ನು ತೆಗೆದು ತೋರಿಸಿದಳು. ಮರುವಾರ ಅದೇ ಶೀಶೆ ನನ್ನ ಮೇಜಿನ ಮೇಲೆ ಇತ್ತು.

"ಸಾಹೇಬ್ರ, ತಪ್ಪು ತಿಳಿಬ್ಯಾಡ್ರಿ. ಕಬ್ಬಿಣದ್ದು ಈ ಕೂಸಿಗೆ ಬ್ಯಾಡಂತ ಸಿಸ್ಟರಮ್ಮಾರು ಹೇಳ್ಯಾರ್ರಿ. ಕೊಟ್ಟ ಡಾಕ್ಟರ್‌ಗೆ ಜಡ್ಡು ಯಾವುದಂತ ಗೊತ್ತಿರಲಿಕ್ಕಿಲ್ಲ, ಹೋಗಿ ಹೇಳಿ ಬಾ ಅಂದಾರ್ರಿ."

ನನ್ನ ಮಾನವನ್ನು ಉಳಿಸಿಯೇ ಆ ಶುಶ್ರೂಷಕಿ ನನ್ನ ತಪ್ಪನ್ನು ತಿದ್ದಿದ್ದರು.

ಅದು ಏಕೆ ತಪ್ಪು ಎಂಬುದನ್ನು ಓದುಗರು ತಿಳಿಯಬೇಕು. ಅಮೆರಿಕೆಯ ಡೆಟ್ರಾಯಿಟ್ ನಗರದ ವೈದ್ಯ ಥಾಮಸ್ ಕೂಲಿ 1925ರಲ್ಲಿ ವರ್ಣಿಸಿದ ಈ ರೋಗದಲ್ಲಿ ಹಿಮೋಗ್ಲೋಬಿನ್ ಕಟ್ಟುವ ಸೂತ್ರವೇ ಹುಟ್ಟಿನಿಂದ ಕೆಟ್ಟಿರುತ್ತದೆ. ಕೊರತೆ ಇರುವುದು ಕಬ್ಬಿಣದ್ದಲ್ಲ. ಪ್ರತಿ ಸಲ ಏರಿಸುವ ಒಂದು ಚೀಲ ಕೆಂಪುಕಣಗಳ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣವೂ ದೇಹವನ್ನು ಸೇರುತ್ತದೆ. ಆರೋಗ್ಯವಂತರು ದಿನಕ್ಕೆ ಆಹಾರದಿಂದ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಹೆಚ್ಚಾದುದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಅದು ಹೃದಯ, ಯಕೃತ್ತು ಮತ್ತು ಗ್ರಂಥಿಗಳಲ್ಲಿ ಕೂತು ಅವುಗಳನ್ನು ಕೆಡಿಸುತ್ತದೆ. ಆದ್ದರಿಂದಲೇ ಕಬ್ಬಿಣವನ್ನು ಸೆಳೆದು ಹೊರಹಾಕುವ ಡಿಫೆರಾಸಿರಾಕ್ಸ್‌ನಂತಹ ಔಷಧಗಳನ್ನು ನಿತ್ಯವೂ ಕೊಡುತ್ತಾರೆ. ಅಂಥ ಮಗುವಿಗೆ ಲೋಹಭಸ್ಮ, ಮಂಡೂರಭಸ್ಮ, ಅಂಗಡಿಯ ಕಬ್ಬಿಣದ ಟಾನಿಕ್ ಯಾವುದೂ ಸಲ್ಲದು. ನಮ್ಮ ಪದ್ಧತಿಯಲ್ಲಿ ರಕ್ತ ಹಾಕಿಸುವುದನ್ನು ತಪ್ಪಿಸುವ ಔಷಧ ಇದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ನಲವತ್ತು ವರ್ಷಗಳಿಂದ ಆಯುರ್ವೇದವನ್ನೇ ಉಂಡು ಬದುಕಿದವನ ಮಾತಿದು.

ಆ ದಿನದಿಂದ ಆ ತಾಯಿ ನನ್ನಲ್ಲಿಗೆ ಬಂದಾಗಲೆಲ್ಲ ಸಿಸ್ಟರಮ್ಮನ ಮಾತೇ. ಬರುವುದು ಮಗುವಿನ ಅಜ್ಜಿಯ ಮೊಣಕಾಲು ನೋವಿಗೆ. ಹೇಳುವುದು ವಾರ್ಡಿನ ಕಥೆ. ಕೇಳಿ ಕೇಳಿ ಚರಕರ ನಾಲ್ಕು ಪದಗಳು ನನಗೆ ಕಣ್ಣಿಗೆ ಕಂಡವು.

ಪದೇಪದೇ ಸೂಜಿ ಚುಚ್ಚಿಸಿಕೊಂಡ ಕೂಸಿನ ಕೈಯಲ್ಲಿ ರಕ್ತನಾಳ ಸಿಗುವುದು ಸುಲಭವಲ್ಲ. ಬೇರೆಯವರು ಮೂರು ಕಡೆ ಚುಚ್ಚುವಲ್ಲಿ ಈಕೆ ಮೊದಲು ಕೈಯನ್ನು ಬೆಚ್ಚಗೆ ಮಾಡಿ, ಬೆರಳಿನಿಂದ ತಡವಿ, ಒಂದೇ ಸಲಕ್ಕೆ ಮುಗಿಸುತ್ತಿದ್ದರಂತೆ. ಅದು ದಾಕ್ಷ್ಯ. ಚೀಲದ ಮೇಲಿನ ಹೆಸರು, ಗುಂಪು, ಸಂಖ್ಯೆಗಳನ್ನು ಇನ್ನೊಬ್ಬರ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡುವುದು. ಮೊದಲ ಹದಿನೈದು ನಿಮಿಷ ರಕ್ತವನ್ನು ನಿಧಾನವಾಗಿ ಬಿಟ್ಟು ಹಾಸಿಗೆಯ ಪಕ್ಕದಿಂದ ಕದಲದಿರುವುದು. ಚಳಿ, ಜ್ವರ, ಮೈಮೇಲೆ ದದ್ದು, ಬೆನ್ನುನೋವು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕರೆಯುವುದು. ಒಂದು ಚೀಲವನ್ನು ನಾಲ್ಕು ಗಂಟೆಯ ಒಳಗೆ ಮುಗಿಸುವುದು. ಇದು ಉಪಚಾರಜ್ಞತೆ. ಒಮ್ಮೆ ಮಗುವಿಗೆ ನಡುಕ ಹುಟ್ಟಿದಾಗ ತಾಯಿ ಕೂಗುವ ಮೊದಲೇ ಅವರ ಕೈ ಕೊಳವೆಯ ಗುಂಡಿಯ ಮೇಲಿತ್ತಂತೆ. ಶೌಚವನ್ನು ಹೇಳುವುದೇ ಬೇಡ. ಕೈ ತೊಳೆಯದೆ ಕೂಸನ್ನು ಮುಟ್ಟಿದ್ದಕ್ಕೆ ತಂದೆಯೇ ಬೈಸಿಕೊಂಡಿದ್ದಾನೆ.

ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯ, ಉಪಕಲ್ಪನೀಯದಲ್ಲಿ, ಆತುರಾಲಯಕ್ಕೆ ಬೇಕಾದ ಪರಿಚಾರಕರ ಪಟ್ಟಿಯಿದೆ. ಅಡುಗೆ ಬಲ್ಲವರು, ಸ್ನಾನ ಮಾಡಿಸುವವರು, ರೋಗಿಯನ್ನು ಎತ್ತಿ ಕೂರಿಸುವವರು. ಅವರೊಡನೆ ಹಾಡು ಬಲ್ಲವರು, ಕಥೆ ಹೇಳಬಲ್ಲವರೂ ಇರಬೇಕೆಂದಿದೆ. ವಿದ್ಯಾರ್ಥಿದೆಸೆಯಲ್ಲಿ ನಾವು ಇದನ್ನು ರಾಜರ ಮನೆಯ ಆಡಂಬರವೆಂದು ನಕ್ಕು ಮುಂದಕ್ಕೆ ಹೋಗಿದ್ದೆವು. ಈ ಶುಶ್ರೂಷಕಿ ಸೂಜಿ ಹಿಡಿದಾಗಲೆಲ್ಲ ಒಂದು ನರಿಯ ಕಥೆ ಹೇಳುತ್ತಾರಂತೆ. ನರಿ ಎಂದೂ ಊರು ಸೇರುವುದಿಲ್ಲ, ಮುಂದಿನದು ಮೂರು ವಾರದ ನಂತರ. ಮಗು ಈಗ ಎಂಟು ವರ್ಷದವನು. ಆಸ್ಪತ್ರೆಗೆ ಹೋಗುವ ದಿನ ತಾನೇ ಮೊದಲು ಚಪ್ಪಲಿ ಹಾಕಿಕೊಳ್ಳುತ್ತಾನೆ. ಇಂಥ ದೀರ್ಘರೋಗದಲ್ಲಿ ಒಂದು ಸರದಿ ತಪ್ಪಿದರೂ ಹಿಮೋಗ್ಲೋಬಿನ್ ಇಳಿಯುತ್ತದೆ, ಗುಲ್ಮ ಬೆಳೆಯುತ್ತದೆ, ಎತ್ತರ ನಿಲ್ಲುತ್ತದೆ. ಕೂಲಿ ಬಿಟ್ಟು ಹೋಗಬೇಕಾದ ತಂದೆ ತಾಯಿಯರು ಸರದಿ ತಪ್ಪಿಸದಂತೆ ಹಿಡಿದು ನಿಲ್ಲಿಸಿದ್ದು ಆ ನರಿಯೇ ಎಂದು ನನಗೆ ಅನಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗ ಸೇರಿದೆಯೆಂದು ತಿಳಿಸಿ, ಗುರುತಿನ ಚೀಟಿಗೆ ಅರ್ಜಿ ಬರೆಸಿದವರೂ ಅವರೇ.

ಕಳೆದ ತಿಂಗಳು ಆ ತಾಯಿ ಒಂದು ಕಾಗದವನ್ನು ಹಿಡಿದು ಬಂದಳು. ಅದಕ್ಕೆ ಹಿನ್ನೆಲೆಯಿದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಹೋಗಿ, ಜೊತೆಗೆ ಒಂದು ಸೀರೆಯನ್ನೂ ಸಿಸ್ಟರಮ್ಮನ ಮುಂದೆ ಇಟ್ಟಿದ್ದಳು. ರೊಟ್ಟಿಯನ್ನು ವಾರ್ಡಿನವರೆಲ್ಲ ಹಂಚಿಕೊಂಡು ತಿಂದರು, ಸೀರೆ ಮರಳಿತು. "ನನಗೆ ಕೊಡಲೇಬೇಕೆಂದಿದ್ದರೆ ನಿನ್ನ ತಮ್ಮನ ರಕ್ತ ಪರೀಕ್ಷೆ ಮಾಡಿಸು" ಎಂದರಂತೆ. ತಮ್ಮನಿಗೆ ಅಕ್ಕನ ಮಗಳನ್ನೇ ತರುವ ಮಾತು ಮನೆಯಲ್ಲಿ ನಡೆದಿರುವುದನ್ನು ತಾಯಿ ಎಂದೋ ಮಾತಿನ ನಡುವೆ ಹೇಳಿದ್ದಳು. ಅವರು ಮರೆತಿರಲಿಲ್ಲ.

ನಮ್ಮ ಭಾಗದಲ್ಲಿ ಸೋದರಸಂಬಂಧದ ಮದುವೆ ಹೊಸದಲ್ಲ. ಈ ದೋಷವನ್ನು ಒಂದು ಪಾಲು ಹೊತ್ತವರಿಗೆ ಕಾಯಿಲೆಯಿಲ್ಲ. ದುಡಿಯುತ್ತಾರೆ, ಉಣ್ಣುತ್ತಾರೆ, ತಮಗೇ ತಿಳಿದಿರುವುದಿಲ್ಲ. ಹೊತ್ತವರಿಬ್ಬರು ದಂಪತಿಗಳಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಮೇಜರ್ ಬರುವ ಸಂಭವ. ಒಬ್ಬರು ಮಾತ್ರ ಹೊತ್ತಿದ್ದರೆ ಆ ಭಯವಿಲ್ಲ. ಎಚ್‌ಬಿ-ಎ2 ಪರೀಕ್ಷೆಯಲ್ಲಿ ಪ್ರಮಾಣ ಶೇಕಡಾ 3.5ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಬೀಟಾ ದೋಷದ ವಾಹಕರೆಂದು ಅರ್ಥ. ಮದುವೆಗೆ ಮುಂಚೆ ಒಂದು ಸಲ ಮಾಡಿಸಿದರೆ ಸಾಕು. ಮದುವೆಯಾಗಿ ಗರ್ಭ ನಿಂತಿದ್ದರೆ ತಡಮಾಡದೆ ತಜ್ಞರನ್ನು ಕಾಣಬೇಕು. ಗರ್ಭಸ್ಥ ಶಿಶುವಿನ ಪರೀಕ್ಷೆ ಹತ್ತು ವಾರಗಳ ನಂತರ ಸಾಧ್ಯವಿದೆ.

ಕಾಗದವನ್ನು ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ತಮ್ಮನ ಎಚ್‌ಬಿ-ಎ2 ಶೇಕಡಾ 5.2 ಇತ್ತು. ಹುಡುಗಿಯ ರಕ್ತವನ್ನು ಬರುವ ಸೋಮವಾರ ಪರೀಕ್ಷೆಗೆ ಕೊಡುತ್ತಾರೆ. ನಿಶ್ಚಯಕಾರ್ಯವನ್ನು ಅದರ ನಂತರಕ್ಕೆ ಇಟ್ಟುಕೊಂಡಿದ್ದಾರೆ.