ಐದು ಎಕರೆಯ ಒಕ್ಕಲುಮನೆ: ಅದರ ದಿನಚರಿ ಮತ್ತು ಲೆಕ್ಕ

ಅಕ್ಕಿಆಲೂರು ಸೀಮೆಯು ಮಲೆನಾಡಿನ ಸೆರಗಿನಲ್ಲಿದ್ದು ಬಯಲುನಾಡಿಗೆ ಮುಖಮಾಡಿರುವ ಭೂಮಿಯು. ಊರಿನ ಹೆಸರಿನಲ್ಲಿಯೇ ಅಕ್ಕಿಯಿರುವದು. ಹಾನಗಲ್ಲ ತಾಲೂಕಿನ ಕೆರೆಗಳ ಕೆಳಗೆ ಕೂರಿಗೆಯಿಂದ ಭತ್ತವನ್ನು ಬಿತ್ತುವ ಪದ್ಧತಿಯು ತಲೆತಲಾಂತರದಿಂದ ನಡೆದುಬಂದಿರುವದು. ಏರುಭೂಮಿಯಲ್ಲಿ ಜೋಳ, ಹತ್ತಿ, ಬೇಳೆಕಾಳುಗಳೂ ಮಾವಿನ ತೋಪುಗಳೂ ಉಂಟು. ಇಂಥ ನಾಡಿನಲ್ಲಿ ಐದು ಎಕರೆಯ ಒಕ್ಕಲಿಗನು ಅನ್ನಕ್ಕೂ ಮೇವಿಗೂ ಪೇಟೆಯ ದಾರಿ ನೋಡುವದು ಸೋಜಿಗವೇ ಸರಿ. ಆದರೆ ಇಂದು ಅನೇಕ ಮನೆಗಳ ಸ್ಥಿತಿಯು ಹಾಗೆಯೇ ಆಗಿದೆ.

ಇದರ ಕಾರಣವು ಗುಪ್ತವಾದುದಲ್ಲ. ಇದ್ದ ಭೂಮಿಯಲ್ಲೆಲ್ಲ ಗೋವಿನಜೋಳವೊಂದನ್ನೇ ಬಿತ್ತಿದರೆ ಸಂಕರ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ಏಕೆಂದರೆ ಸಂಕರ ತಳಿಯ ಕಾಳನ್ನು ಮರಳಿ ಬಿತ್ತಿದರೆ ಮೊದಲಿನ ಗುಣವು ಉಳಿಯುವದಿಲ್ಲ. ಗೊಬ್ಬರವು ಅಂಗಡಿಯದು, ಅದೂ ಉದ್ರಿಯಿಂದ ತಂದದ್ದು. ೨೦೧೮ರಲ್ಲಿ ಅಮೆರಿಕ ಖಂಡದ ಸೈನಿಕ ಹುಳುವು ಭಾರತದೊಳಗೆ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದ ಗೋವಿನಜೋಳದ ಹೊಲಗಳಲ್ಲಿಯೇ. ೨೦೨೩ರ ಮುಂಗಾರಿಯಲ್ಲಿ ರಾಜ್ಯದ ಬಹುಭಾಗವು ಬರಪೀಡಿತವೆಂದು ಸಾರಲ್ಪಟ್ಟಿತು. ಒಂದೇ ಬೆಳೆಯನ್ನು ನಂಬಿದ ಮನೆಗೆ ಇಂಥ ವರ್ಷದಲ್ಲಿ ಕಾಳು, ಮೇವು, ಹಣ ಮೂರೂ ಒಮ್ಮೆಲೇ ತಪ್ಪುವವು. ಮೇವಿಲ್ಲದೆ ಎತ್ತುಗಳನ್ನು ಮಾರಬೇಕಾಗುವದು. ಎತ್ತು ಹೋದಮೇಲೆ ತಿಪ್ಪೆಯೂ ಹೋಯಿತು. ತಿಪ್ಪೆ ಹೋದ ಮೇಲೆ ಭೂಮಿಯ ಸಾರವು ಎಷ್ಟು ದಿನ ನಿಂತೀತು? ಆದ್ದರಿಂದ ಚಿಕ್ಕ ಹಿಡುವಳಿಯ ಮನೆಯು ತನ್ನ ಬಲದಿಂದ ಬದುಕುವ ಬಗೆಯನ್ನು ಇಲ್ಲಿ ಲೆಕ್ಕಸಮೇತ ವಿವರಿಸಲಾಗಿದೆ.

ಭೂಮಿಯ ಹಂಚಿಕೆ

ದೃಷ್ಟಾಂತಕ್ಕಾಗಿ ಆರು ಜನರ ಕುಟುಂಬವನ್ನೂ, ಒಂದು ಜೋಡಿ ಎತ್ತು, ಒಂದು ಆಕಳು, ಒಂದು ಎಮ್ಮೆಗಳನ್ನೂ ಹಿಡಿಯಬಹುದು. ಐದು ಎಕರೆಯಲ್ಲಿ ೨ ಎಕರೆ ಕೆರೆಯ ಕೆಳಗಿನ ಭತ್ತದ ಗದ್ದೆ; ೧ ಎಕರೆ ೨೦ ಗುಂಟೆ ಜೋಳ ಮತ್ತು ಅದರ ನಡುವೆ ತೊಗರಿಯ ಅಕ್ಕಡಿ ಸಾಲುಗಳು; ೧ ಎಕರೆ ಮಾವು; ಉಳಿದ ೨೦ ಗುಂಟೆಯಲ್ಲಿ ಮನೆ, ಕೊಟ್ಟಿಗೆ, ಕಣ, ಬಣವೆ, ತಿಪ್ಪೆ ಮತ್ತು ಹಿತ್ತಲ.

ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯವೆಂದರೆ ಆರು ಜನರಿಗೆ ೩ ಕಿಲೋ, ವರ್ಷಕ್ಕೆ ಸುಮಾರು ೧೧ ಕ್ವಿಂಟಲ್ ಆಗುವದು. ಅದರಲ್ಲಿ ಅರ್ಧ ಅಕ್ಕಿ, ಅರ್ಧ ಜೋಳವೆಂದು ಎಣಿಸಿದರೆ ಐದೂವರೆ ಕ್ವಿಂಟಲ್ ಅಕ್ಕಿಗೆ ಎಂಟೂವರೆ ಕ್ವಿಂಟಲ್ ಭತ್ತವು ಬೇಕು. ಎಕರೆಗೆ ಹತ್ತೇ ಕ್ವಿಂಟಲ್ ಎಂದು ಕಡಿಮೆಯಾಗಿ ಹಿಡಿದರೂ ಎರಡು ಎಕರೆಗೆ ೨೦ ಕ್ವಿಂಟಲ್ ಭತ್ತವಾಗುವದು. ಉಣಿಸಿಗೂ ಬೀಜಕ್ಕೂ ತೆಗೆದಿಟ್ಟ ಮೇಲೆ ೧೦ ಕ್ವಿಂಟಲಿಗಿಂತ ಮಿಕ್ಕಿ ಮಾರಾಟಕ್ಕೆ ಉಳಿಯುವದು. ಜೋಳವು ಎಕರೆಗೆ ೫ ಕ್ವಿಂಟಲ್ ಬಂದರೂ ಮನೆಯ ರೊಟ್ಟಿಗೆ ಸಾಲುವದು. ಭತ್ತದ ಹುಲ್ಲೂ ಜೋಳದ ಕಣಿಕೆಯೂ ದನಗಳ ಪಾಲು. ತೊಗರಿಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುವವು. ಅದರ ಉದುರೆಲೆಯು ಹೊಲಕ್ಕೆ ಗೊಬ್ಬರ, ಅದರ ಕಟ್ಟಿಗೆಯು ಒಲೆಗೆ ಉರುವಲು. ಮಾವನ್ನು ೧೦ ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ೪೦ ಗಿಡಗಳು ಹಿಡಿಯುವವು. ಅವು ಬೆಳೆಯುವ ವರೆಗೆ ನಡುವಿನ ಭೂಮಿಯಲ್ಲಿ ಹೆಸರು, ಅಲಸಂದಿ ಮತ್ತು ಮೇವಿನ ಬೆಳೆಗಳನ್ನು ತೆಗೆಯಬಹುದು.

ದಿನದ ಕೆಲಸ

ಇಂಥ ಮನೆಯಲ್ಲಿ ಬೆಳಗು ಕೊಟ್ಟಿಗೆಯಿಂದ ಆರಂಭವಾಗುವದು. ಹೊತ್ತು ಮೂಡುವ ಮೊದಲೇ ಒಬ್ಬರು ಸೆಗಣಿ ಬಳಿದು, ಗೋದಲೆಯಲ್ಲಿ ದನಗಳು ಉಳಿಸಿದ ಹುಲ್ಲನ್ನು ಅವುಗಳ ಕಾಲ ಕೆಳಗೆ ಹಾಸುವರು; ಇನ್ನೊಬ್ಬರು ಹಾಲು ಕರೆಯುವರು. ಬಿಸಿಲೇರುವ ಮುಂಚೆ ನೇಗಿಲು ಅಥವಾ ಎಡೆಕುಂಟೆಯ ಕೆಲಸ. ಮಧ್ಯಾಹ್ನ ಹೊಲಕ್ಕೆ ಬರುವ ಬುತ್ತಿಯಲ್ಲಿ ಜೋಳದ ರೊಟ್ಟಿ, ಹಿತ್ತಲದ ಪುಂಡಿಪಲ್ಯ, ಗುರೆಳ್ಳಿನ ಚಟ್ನಿ, ಮಜ್ಜಿಗೆ. ಉಪ್ಪೊಂದನ್ನು ಬಿಟ್ಟರೆ ಅದರಲ್ಲಿ ಅಂಗಡಿಯಿಂದ ಬಂದದ್ದು ಬಹಳ ಕಡಿಮೆ. ಸಂಜೆ ಮರಳುವಾಗ ಬದುವಿನ ಮೇಲಿನ ಹುಲ್ಲಿನ ಹೊರೆಯೊಂದು ತಲೆಯ ಮೇಲೆ ಬರುವದು. ಬಚ್ಚಲ ನೀರು ಬೀದಿಗೆ ಹರಿಯದೆ ಬಾಳೆಯ ಬುಡಕ್ಕೆ ಹೋಗುವದು. ಹಿತ್ತಲದ ಬದನೆ, ನುಗ್ಗೆ, ಅವರೆ, ಮೆಣಸಿನಗಿಡ, ಕರಿಬೇವು ಇವೆಲ್ಲ ಮನೆಯ ಒಡತಿಯ ಆಡಳಿತಕ್ಕೆ ಸೇರಿದವು. ಬೀಜದ ಗಡಿಗೆಗಳೂ ಅವಳ ವಶದಲ್ಲಿಯೇ ಇರುವವು. ಈ ಕೆಲಸವನ್ನು ಲೆಕ್ಕಕ್ಕೆ ಹಿಡಿಯದವನು ಒಕ್ಕಲುತನದ ಅರ್ಧ ಆದಾಯವನ್ನೇ ಮರೆತಂತಾಯಿತು.

ಕೊಟ್ಟಿಗೆಯಲ್ಲಿ ಹರಿದುಹೋಗುವ ಧನ

ಸೆಗಣಿಯನ್ನು ಕೂಡಿಸುವ ಮನೆಗಳು ಹಲವು. ಗಂಜಳವನ್ನು ಉಳಿಸುವವು ಕೆಲವೇ. ನಾಲ್ಕು ದನಗಳಿಂದ ದಿನಕ್ಕೆ ತಲಾ ೫ ಲೀಟರಿನಂತೆ ೨೦ ಲೀಟರ್, ವರ್ಷಕ್ಕೆ ೭೩೦೦ ಲೀಟರ್ ಗಂಜಳವಾಗುವದು. ಅದರಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಸಾರಜನಕವಿರುವದರಿಂದ ೭೩ ಕಿಲೋ ಸಾರಜನಕವು ಸಿಗತಕ್ಕದ್ದು. ೪೫ ಕಿಲೋ ತೂಕದ ಯೂರಿಯಾ ಚೀಲದಲ್ಲಿರುವದು ಸುಮಾರು ೨೧ ಕಿಲೋ. ಅಂದರೆ ಮೂರೂವರೆ ಚೀಲದಷ್ಟು ಸಾರವು ಗಟಾರದ ಪಾಲಾಗುತ್ತಿದೆ! ಅರ್ಧವು ಆವಿಯಾಗಿ ಹೋಯಿತೆಂದರೂ ಉಳಿದದ್ದು ಅಲ್ಪವಲ್ಲ.

ಇದನ್ನು ಹಿಡಿಯುವ ಉಪಾಯವು ಸುಲಭ. ದನ ನಿಲ್ಲುವಲ್ಲಿ ಅರ್ಧ ಅಡಿ ಒಣಮಣ್ಣನ್ನು ಹರವಿ, ಮೇಲೆ ಕಸಕಡ್ಡಿ ಹಾಸಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಆ ನೆನೆದ ಮಣ್ಣನ್ನು ತೆಗೆದು ತಿಪ್ಪೆಗೆ ಸೇರಿಸಿ ಹೊಸಮಣ್ಣು ತುಂಬಬೇಕು. ಇಂದೂರಿನಲ್ಲಿ ೧೯೨೪ರಿಂದ ೧೯೩೧ರ ವರೆಗೆ ಪ್ರಯೋಗ ನಡೆಸಿದ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ ಇವರು ಇಂಥ ಗಂಜಳದ ಮಣ್ಣು, ಸೆಗಣಿ, ಹೊಲದ ಕಸ ಇವುಗಳನ್ನು ಪದರುಪದರಾಗಿ ಒಟ್ಟಿ, ನೀರು ಚಿಮುಕಿಸಿ, ನಡುನಡುವೆ ತಿರುವಿಹಾಕಿ, ಮೂರು ತಿಂಗಳಲ್ಲಿ ಕಳಿತ ಗೊಬ್ಬರವಾಗುವದನ್ನು ತೋರಿಸಿಕೊಟ್ಟರು. ಈ ಸೀಮೆಯಲ್ಲಿ ಬೇಸಿಗೆಯಲ್ಲಿ ತಗ್ಗಿನೊಳಗೂ, ಮಳೆಗಾಲದಲ್ಲಿ ನೀರು ನಿಲ್ಲದಂತೆ ನೆಲದ ಮೇಲೆಯೂ ಒಟ್ಟುವದು ಯೋಗ್ಯವು. ತಿಪ್ಪೆಗೆ ಮರದ ನೆರಳಾಗಲಿ ಚಪ್ಪರವಾಗಲಿ ಇರತಕ್ಕದ್ದು.

ಸೆಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುವದು. ಅದೇ ೪೦ ಕಿಲೋ ಸೆಗಣಿಯನ್ನು ದಿನವೂ ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದರೆ ಸುಮಾರು ಒಂದೂವರೆ ಘನ ಮೀಟರ್ ಅನಿಲವು ಸಿಕ್ಕಿ ಅಡಿಗೆಯ ಬಹುಭಾಗವು ನಡೆಯುವದು. ಹೊರಬರುವ ಬಗ್ಗಡದಲ್ಲಿ ಗೊಬ್ಬರದ ಸಾರವೂ ಉಳಿಯುವದು. ಒಲೆಯ ಹೊಗೆಯಿಂದ ಹೆಂಗಸರ ಕಣ್ಣಿಗೂ ಎದೆಗೂ ಬರುವ ಬಾಧೆಯು ತಪ್ಪುವದು ಬೇರೆ ಲಾಭವು.

ಬೀಜ

ಭತ್ತ, ಜೋಳ, ತೊಗರಿಗಳ ನಾಟಿ ಅಥವಾ ಸುಧಾರಿತ ತಳಿಗಳ ಬೀಜವನ್ನು ಮನೆಯಲ್ಲಿಯೇ ಇಡಬಹುದು. ರಾಶಿಯಾದ ಮೇಲೆ ಬೀಜ ಹುಡುಕುವದು ತಪ್ಪು. ಬೆಳೆಯು ನಿಂತಿರುವಾಗಲೇ ಹೊಲದ ನಡುಭಾಗದಲ್ಲಿ ರೋಗವಿಲ್ಲದ, ಒಂದೇ ಸಮನೆ ಮಾಗಿದ ತೆನೆಗಳನ್ನು ಆಯ್ದು ಬೇರೆಯಾಗಿ ಬಡಿಯಬೇಕು. ಭತ್ತದ ಬೀಜವನ್ನು ಬಿತ್ತುವ ಮುಂಚೆ ಉಪ್ಪುನೀರಿನಲ್ಲಿ ಪರೀಕ್ಷಿಸತಕ್ಕದ್ದು. ಹೊಸ ಕೋಳಿಮೊಟ್ಟೆಯು ತೇಲುವಷ್ಟು ಉಪ್ಪನ್ನು ನೀರಿನಲ್ಲಿ ಕರಗಿಸಿ ಬೀಜವನ್ನು ಸುರಿದರೆ ಜೊಳ್ಳು ಮೇಲೆ ಬರುವದು. ತಳದ ಗಟ್ಟಿಕಾಳನ್ನು ತಿಳಿನೀರಿನಲ್ಲಿ ಎರಡು ಸಲ ತೊಳೆದು ನೆರಳಲ್ಲಿ ಆರಿಸಬೇಕು. ಹೊಸ ತಳಿಯನ್ನು ತರುವವರು ಧಾರವಾಡದ ಹತ್ತಿರದ ಮುಗದ ಭತ್ತ ಸಂಶೋಧನ ಕೇಂದ್ರದಲ್ಲಿ ವಿಚಾರಿಸಿ, ಮೊದಲ ವರ್ಷ ಐದಾರು ಗುಂಟೆಯಲ್ಲಿ ಮಾತ್ರ ಬಿತ್ತಿ ನೋಡುವದು ಲೇಸು.

ವರ್ಷದ ಸುತ್ತು

ಬೇಸಿಗೆಯಲ್ಲಿ ಕೆರೆಯ ಹೂಳನ್ನೂ ತಿಪ್ಪೆಯ ಗೊಬ್ಬರವನ್ನೂ ಹೊಲಕ್ಕೆ ಹೇರಬೇಕು. ಚಕ್ಕಡಿಗೆ ಅರ್ಧ ಟನ್ನಿನಂತೆ ಎಕರೆಗೆ ಹತ್ತು ಚಕ್ಕಡಿ ಗೊಬ್ಬರ ಬಿದ್ದರೆ ಸುಮಾರು ೨೫ ಕಿಲೋ ಸಾರಜನಕವು ಸೇರುವದು. ಮಣ್ಣು ಸಡಿಲಾಗಿ ನೀರು ಹಿಡಿಯುವ ಶಕ್ತಿಯೂ ಬರುವದು, ಇದು ಚೀಲದ ಗೊಬ್ಬರದಿಂದ ಬಾರದು. ರೋಹಿಣಿ ಮಳೆಯ ಹದಕ್ಕೆ ಭತ್ತದ ಕೂರಿಗೆ, ಮಿರಗದಲ್ಲಿ ಜೋಳ ತೊಗರಿ. ಸಾಲುಬಿತ್ತನೆಯಾದ್ದರಿಂದ ಎಡೆ ಹೊಡೆದು ಕಳೆಯನ್ನು ಅಡಗಿಸಬಹುದು; ಕಳೆನಾಶಕದ ಅವಶ್ಯಕತೆಯು ಕಡಿಮೆ. ಕೆರೆ ತುಂಬಿದ ಮೇಲೆ ಗದ್ದೆಗೆ ನೀರು. ಶೀಗಿ ಹುಣ್ಣಿಮೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ಬೆಳೆಯ ಅಂದಾಜು ಕಣ್ಣಿಗೆ ಕಾಣುವದು. ಭತ್ತ ಕೊಯ್ದ ಗದ್ದೆಯ ಹಸಿ ಆರುವ ಮೊದಲೇ ಕಡಲೆ ಅಥವಾ ಅವರೆ ಬಿತ್ತಿದರೆ ಬೇಳೆಯ ಖರ್ಚು ಉಳಿಯುವದು.

ಕೊಳ್ಳುವದು ಮತ್ತು ಮಾರುವದು

ಸ್ವಾವಲಂಬನವೆಂದರೆ ಪೇಟೆಯನ್ನೇ ಮುಟ್ಟಬಾರದೆಂದು ಅರ್ಥವಲ್ಲ. ಉಪ್ಪು, ಬಟ್ಟೆ, ಕಬ್ಬಿಣ, ಔಷಧ, ಮಕ್ಕಳ ವಿದ್ಯೆ ಇವುಗಳಿಗೆ ಹಣವು ಬೇಕೇ ಬೇಕು. ಅದಕ್ಕೆ ಮಿಕ್ಕ ಭತ್ತ, ಮಾವು, ಹಾಲು ಇರುವವು. ಅನ್ನ, ಮೇವು, ಬೀಜ, ಗೊಬ್ಬರ ಈ ನಾಲ್ಕಕ್ಕೆ ಸಾಲ ಮಾಡಬಾರದೆಂಬುದೇ ನಿಯಮವು. ಮಾರಿದ ಧಾನ್ಯದೊಡನೆ ಭೂಮಿಯ ಸಾರವೂ ಊರು ಬಿಡುವದರಿಂದ ಮೂರು ವರ್ಷಕ್ಕೊಮ್ಮೆಯಾದರೂ ಮಣ್ಣನ್ನು ಪರೀಕ್ಷೆ ಮಾಡಿಸಿ, ಕೊರತೆಯಿದ್ದಷ್ಟನ್ನೇ ಹೊರಗಿನಿಂದ ತರುವದು ಜಾಣತನವು. ಹೆಚ್ಚು ಭೂಮಿಯುಳ್ಳವರು ಒಂದು ಪಾಲಿನಲ್ಲಿ ಗೋವಿನಜೋಳ ಬೆಳೆದರೆ ದೋಷವಿಲ್ಲ. ಉಣ್ಣುವ ಹೊಲವನ್ನು ಅದಕ್ಕೆ ಕೊಡುವದೇ ದೋಷವು.

ಊರ ಪ್ರಮುಖರ ಕರ್ತವ್ಯ

ಚಿಕ್ಕ ಒಕ್ಕಲಿಗನು ಒಬ್ಬನೇ ಮಾಡಲಾರದ ಕೆಲಸಗಳು ಕೆಲವಿರುವವು. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯಿಸಿ ಬಂಡಿಯಿಲ್ಲದವರಿಗೂ ಪಾಲು ಮುಟ್ಟುವಂತೆ ಮಾಡುವದು, ಗೋಮಾಳವನ್ನು ಅತಿಕ್ರಮಣದಿಂದ ಕಾಯುವದು, ಬದು ಮತ್ತು ದಾರಿಯಂಚಿನಲ್ಲಿ ಹೊಂಗೆ, ಬೇವು, ಹುಣಸೆ ನೆಡಿಸುವದು, ಎತ್ತು ಕಳೆದುಕೊಂಡವನಿಗೆ ಹದದ ದಿನ ಒಂದು ಜೋಡಿ ಒದಗಿಸುವದು, ಒಳ್ಳೆಯ ಬೀಜವನ್ನು ಕಾಳಿಗೆ ಕಾಳು ಕೊಟ್ಟು ಹಂಚುವದು ಇವು ಊರ ಹಿರಿಯರಿಂದಲೇ ಆಗತಕ್ಕವು. ಹತ್ತು ಮಾತಿಗಿಂತ ಒಂದು ಕೊಟ್ಟಿಗೆಯು ಹೆಚ್ಚು ಕಲಿಸುವದು. ಪ್ರತಿಯೊಬ್ಬ ದೊಡ್ಡ ಹಿಡುವಳಿದಾರನು ಈ ಬೇಸಿಗೆಯಲ್ಲಿ ತನ್ನ ಕೊಟ್ಟಿಗೆಯಲ್ಲಿ ಒಣಮಣ್ಣು ಹಾಸಿಸಿ, ಆ ಗೊಬ್ಬರ ಬಿದ್ದ ಒಂದು ಎಕರೆಯನ್ನೂ ಬೀಳದ ಒಂದು ಎಕರೆಯನ್ನೂ ಸುಗ್ಗಿಯಲ್ಲಿ ಬೇರೆಬೇರೆ ತೂಗಿ ನೆರೆಹೊರೆಯವರಿಗೆ ತೋರಿಸಲಿ. ತಕ್ಕಡಿಯು ಹೇಳಿದ ಮಾತನ್ನು ಯಾವ ಒಕ್ಕಲಿಗನೂ ಅಲ್ಲಗಳೆಯನು.