ಜೀಪಿನ ಹೀಟರ್ ಫ್ಯಾನಿಗೆ ವೇಗ ನಿಯಂತ್ರಣ

ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಬೆಳೆಗಾರರಿಗೆ ಹೊರಗಿನ ಮಂಜಿಗಿಂತ ಗಾಜಿನ ಒಳಮೈಗೆ ಕಟ್ಟುವ ಮಬ್ಬೇ ಹೆಚ್ಚಿನ ಕಾಟ. ಒದ್ದೆ ಬಟ್ಟೆಯ ನಾಲ್ವರು ಕುಳಿತರೆ ಸಾಕು, ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಹಳೆಯ ಜೀಪಿಗೆ ಹೀಟರ್ ಕೂಡಿಸಿಕೊಂಡವರಲ್ಲಿಯೂ ಹಲವರ ಫ್ಯಾನಿಗೆ ಇರುವುದು ಒಂದೇ ವೇಗ. ಪೂರ್ತಿ ಓಡಿಸಿದರೆ ಅದರ ಸದ್ದಿನಲ್ಲಿ ತಿರುವಿನಾಚೆಯ ಹಾರನ್ ಕೇಳಿಸದು. ಎಂಜಿನ್ನಿನ ನೀರು ಕಾಯುವ ಮುನ್ನ ತಣ್ಣನೆಯ ಗಾಳಿಯೇ ಮೈಗೆ ರಾಚುತ್ತದೆ. ನಿಲ್ಲಿಸಿದರೆ ಮತ್ತೆ ಮಬ್ಬು.

ಮನೆಯ ಫ್ಯಾನಿನ ರೆಗ್ಯುಲೇಟರ್ ಇದಕ್ಕೆ ಆಗುವುದಿಲ್ಲ. ಅದು 230 ವೋಲ್ಟಿನ ಎ.ಸಿ.ಗೆ ಮಾಡಿದ್ದು, ಜೀಪಿನದು 12 ವೋಲ್ಟ್ ಡಿ.ಸಿ. ಈ ಲೇಖಕನೂ ಒಮ್ಮೆ ಜೋಡಿಸಿ ನೋಡಿ ಬುದ್ಧಿ ಕಲಿತವನೇ.

ಸುಲಭದ ದಾರಿಯೆಂದರೆ ಮೋಟಾರಿನ ಧನ ತಂತಿಯಲ್ಲಿ ಒಂದು ರೆಸಿಸ್ಟರ್ ಸೇರಿಸುವುದು. ಪೂರ್ಣ ವೇಗದಲ್ಲಿ ಸುಮಾರು 6 ಆಂಪಿಯರ್ ಎಳೆಯುವ ಮೋಟಾರಿಗೆ ಮಧ್ಯಮ ವೇಗಕ್ಕೆ 1 ಓಮ್, ನಿಧಾನಕ್ಕೆ 2 ಓಮ್ ಸಾಕು. ಅಲ್ಯೂಮಿನಿಯಂ ಕವಚದ, 50 ವ್ಯಾಟಿನ ತಂತಿ ಸುತ್ತಿದ ರೆಸಿಸ್ಟರನ್ನೇ ಕೊಳ್ಳಿರಿ. 1 ಓಮಿನ ಮೂಲಕ 4 ಆಂಪಿಯರ್ ಹರಿದರೆ 16 ವ್ಯಾಟ್ ಶಾಖ ಹುಟ್ಟುತ್ತದೆ. ಆದ್ದರಿಂದ ಅದನ್ನು ಡ್ಯಾಶ್‌ಬೋರ್ಡಿನ ಹಿಂದೆ ತಂತಿಗಳ ನಡುವೆ ಸಿಕ್ಕಿಸಬಾರದು. ಫ್ಯಾನಿನ ಗಾಳಿ ಹಾಯುವ ಪೆಟ್ಟಿಗೆಯೊಳಗೆ, ಲೋಹದ ಹಲಗೆಯ ಮೇಲೆ ಬೋಲ್ಟ್ ಹಾಕಿ ಕೂರಿಸತಕ್ಕದ್ದು.

ಇಲ್ಲಿ ಒಂದು ವಿಷಯಕ್ಕೆ ವಿಶೇಷ ಗಮನವಿರಲಿ. ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಜೀಪಿನ ಹೀಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟುವುದುಂಟು. ಅಡಿಕೆ ಸಿಪ್ಪೆಯ ನಾರು ಸಿಕ್ಕಿ ಫ್ಯಾನ್ ತಿರುಗದೆ ನಿಂತಿತೆನ್ನಿ. ಮೋಟಾರಿನ ಸುರುಳಿ ಅರ್ಧ ಓಮ್, ರೆಸಿಸ್ಟರ್ 1 ಓಮ್; 12 ವೋಲ್ಟಿಗೆ 8 ಆಂಪಿಯರ್ ಹರಿಯುತ್ತದೆ. ರೆಸಿಸ್ಟರಿನಲ್ಲಿ ಈಗ 64 ವ್ಯಾಟ್, ಅಂದರೆ ನಾಲ್ಕು ಪಟ್ಟು ಶಾಖ. ತಣಿಸಲು ಗಾಳಿಯೂ ಇಲ್ಲ, ಪಕ್ಕದಲ್ಲೇ ಒಣ ನಾರು. ನೀವು ಹಾಕಿದ 10 ಆಂಪಿಯರ್ ಫ್ಯೂಸು ಮಾತ್ರ ಸುಮ್ಮನಿರುತ್ತದೆ, ಅದರ ಲೆಕ್ಕದಲ್ಲಿ 8 ಆಂಪಿಯರ್ ತಪ್ಪಲ್ಲ! ಬೆಂಕಿ ಹತ್ತುವುದು ಹೀಗೆ. ಆದಕಾರಣ ರೆಸಿಸ್ಟರಿಗೆ ತಾಗಿದಂತೆ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಡಿಯುವ 10 ಆಂಪಿಯರಿನ ಥರ್ಮಲ್ ಫ್ಯೂಸನ್ನು ಅದೇ ತಂತಿಯಲ್ಲಿ ಸೇರಿಸಬೇಕು. ಬೆಲೆ ಅಲ್ಪ, ಬಿಡಬೇಡಿ. ಅದನ್ನು ಬೆಸುಗೆ ಹಾಕಿದರೆ ಆ ಬಿಸಿಗೇ ಕಡಿದುಹೋಗುತ್ತದೆ. ಒತ್ತಿ ಕೂಡಿಸುವ ಲೋಹದ ಕೊಳವೆ ಬಳಸಿ. ಮಾಮೂಲಿ ಫ್ಯೂಸೂ ಇರಲೇಬೇಕು, ಬ್ಯಾಟರಿಗೆ ಹತ್ತಿರವಾಗಿ. ತಂತಿ 2.5 ಚದರ ಮಿಲಿಮೀಟರಿನದಿರಲಿ.

ಸ್ವಿಚ್ಚನ್ನು ತಿರುಗಿಸಿದಾಗ ಮೊದಲು ಪೂರ್ಣ ವೇಗ, ಆಮೇಲೆ ಮಧ್ಯಮ, ಕೊನೆಗೆ ನಿಧಾನ ಬರುವಂತೆ ಜೋಡಿಸಿ. ಬುಷ್ ಸವೆದ ಮೋಟಾರು ಕಡಮೆ ವೋಲ್ಟಿನಲ್ಲಿ ಹೊರಡಲು ಹಟ ಹಿಡಿಯುತ್ತದೆ.

ಈಗ ಪಿ.ಡಬ್ಲ್ಯು.ಎಂ. ಎಂಬ ಎಲೆಕ್ಟ್ರಾನಿಕ್ ನಿಯಂತ್ರಕಗಳೂ ದೊರೆಯುತ್ತವೆ. ಇವು ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಕೊಡುವುದರಿಂದ ಶಾಖ ಬಹಳ ಕಡಮೆ. ಗುಂಡಿ ತಿರುಗಿಸಿ ಬೇಕಾದ ವೇಗ ಇಡಬಹುದು. ಮೋಟಾರಿನ ಎರಡರಷ್ಟು ಆಂಪಿಯರ್ ತಡೆಯುವಂಥದನ್ನು ಆರಿಸಿ. ಆದರೆ ಇವುಗಳಲ್ಲಿ ಅನೇಕವು ಋಣ ತಂತಿಯನ್ನು ಕಡಿಯುವಂಥವು. ನಿಮ್ಮ ಮೋಟಾರಿನ ಋಣ ತುದಿ ಅದರ ಮೈಯ ಮೂಲಕ ಜೀಪಿನ ಬಾಡಿಗೇ ಸೇರಿದ್ದರೆ ನಿಯಂತ್ರಕಕ್ಕೆ ಕೆಲಸವೇ ಇಲ್ಲ, ಫ್ಯಾನ್ ಸದಾ ಪೂರ್ಣ ವೇಗದಲ್ಲೇ ಓಡುತ್ತದೆ. ಕೊಳ್ಳುವ ಮೊದಲು ಮೀಟರ್ ಹಿಡಿದು ನೋಡಿ. ಅಂಥ ಮೋಟಾರಿಗೆ ರೆಸಿಸ್ಟರೇ ಲೇಸು.

ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತಂತಿ ಬಿಚ್ಚಿರಿ, ಪೆಟ್ಟಿಗೆಯನ್ನು ತೆರೆದು ಗುಡಿಸಿರಿ. ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಮಧ್ಯಮ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಜೋಡಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಬಿಸಿಯಾದ ಜೋಡಣೆ ಸಡಿಲವೆಂದೇ ಅರ್ಥ, ಬಿಚ್ಚಿ ಮತ್ತೆ ಬಿಗಿಯಿರಿ. ರೆಸಿಸ್ಟರನ್ನು ಮಾತ್ರ ಮುಟ್ಟಬೇಡಿ, ಬೆರಳು ಸುಟ್ಟೀತು.