ಮೆಕ್ಯಾನಿಕಲ್ ಫಿಲ್ಟರನ್ನು ಗುರುತಿಸುವ ಬಗೆ

ಅಮೆರಿಕದ ಸೀಡರ್ ರ‍್ಯಾಪಿಡ್ಸ್ ನಗರದ ಕಾಲಿನ್ಸ್ ರೇಡಿಯೋ ಸಂಸ್ಥೆಯು 1950ರ ದಶಕದ ಆದಿಯಲ್ಲಿ ಬಳಕೆಗೆ ತಂದ ಮೆಕ್ಯಾನಿಕಲ್ ಫಿಲ್ಟರುಗಳೊಡನೆ ಬಹುಕಾಲ ಒಡನಾಡಿದವನಾದ ನನಗೆ, ಅವುಗಳ ರಚನೆಯ ವಿಷಯದಲ್ಲಿ ಇರುವ ಆದರವು ಇಂದಿಗೂ ಕುಂದಿಲ್ಲ. ಸುರುಳಿಯೊಳಗೆ ಹರಿದ ಸಂಕೇತವು ನಿಕಲ್ ತಂತಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಆ ಕಂಪನವು ಸಣ್ಣ ತಂತಿಗಳಿಂದ ಬೆಸೆದ ಲೋಹದ ಬಿಲ್ಲೆಗಳ ಸಾಲನ್ನು, ತಕ್ಕ ಆವೃತ್ತಿಯದಾದರೆ ಮಾತ್ರ, ದಾಟಿಹೋಗಿ ಆಚೆಯ ಸುರುಳಿಯಲ್ಲಿ ಪುನಃ ವಿದ್ಯುತ್ತಾಗಿ ಮೂಡುತ್ತದೆ.

ಇಂಥ ಫಿಲ್ಟರಿನ ಡಬ್ಬಿಯೊಂದು ಪೂರ್ವೋತ್ತರವೇ ತಿಳಿಯದೆ ಕೈಸೇರಿದಾಗ ನಾನು ಮೊದಲು ನೋಡುವುದು ಅದರ ಮೇಲಿನ ಸಂಜ್ಞೆಯನ್ನು. ‘ಎಫ್455ಜೆ-31’ ಎಂದಿದ್ದರೆ 455 ಎಂಬುದು ಕಿಲೋಹರ್ಟ್ಸ್‌ನಲ್ಲಿ ಮಧ್ಯದ ಆವೃತ್ತಿ, ‘ಜೆ’ ಡಬ್ಬಿಯ ಮಾದರಿ, 31 ಎಂದರೆ 3.1 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್. ಇದು 75ಎ-4 ರಿಸೀವರಿನದು. ಆರ್-390ಎ ಎಂಬ ರಿಸೀವರಿನಲ್ಲಿ 2, 4, 8 ಮತ್ತು 16 ಕಿಲೋಹರ್ಟ್ಸ್‌ಗಳ ನಾಲ್ಕು ಫಿಲ್ಟರುಗಳಿರುತ್ತವೆ. ಆದರೆ ಒಂದು ದೇಶದ ರೂಢಿಯನ್ನು ಮತ್ತೊಂದರ ಮೇಲೆ ಹೇರಲಾಗದು. ಸೋವಿಯತ್ ಫಿಲ್ಟರುಗಳ ಮೇಲಿನ 500 ಎಂಬ ಅಂಕೆಯು ಹಲವೆಡೆ ವಾಹಕದ ಆವೃತ್ತಿಯೇ ಹೊರತು ಮಧ್ಯದ್ದಲ್ಲ. ಕೊನೆಯ ರಷ್ಯನ್ ಅಕ್ಷರವು ‘ವ’ಕಾರವಾದರೆ ಮೇಲಿನ ಸೈಡ್‌ಬ್ಯಾಂಡು, ‘ನ’ಕಾರವಾದರೆ ಕೆಳಗಿನದು.

ಅಕ್ಷರಗಳು ಅಳಿಸಿಹೋಗಿದ್ದರೆ ಅಳತೆಯೊಂದೇ ಗತಿ. ಸಿಗ್ನಲ್ ಜನರೇಟರಿನ ಆವೃತ್ತಿಯನ್ನು ನೂರು ಹರ್ಟ್ಸ್‌ಗಳಂತೆ ಸರಿಸುತ್ತ, ಮಟ್ಟವು 6 ಡೆಸಿಬೆಲ್ ಇಳಿಯುವ ಎರಡು ಬಿಂದುಗಳನ್ನೂ 60 ಡೆಸಿಬೆಲ್ ಇಳಿಯುವ ಎರಡನ್ನೂ ಬರೆದುಕೊಳ್ಳುತ್ತೇನೆ. ಮೊದಲಿನವು ಬ್ಯಾಂಡ್‌ವಿಡ್ತನ್ನು, ನಂತರದವು ಇಳಿಜಾರಿನ ಕಡಿದನ್ನು ತಿಳಿಸುತ್ತವೆ. 60 ಡೆಸಿಬೆಲ್ ಬಿಂದುಗಳ ನಡುವಣ ಅಗಲವನ್ನು 6 ಡೆಸಿಬೆಲ್ ಬಿಂದುಗಳ ನಡುವಣ ಅಗಲದಿಂದ ಭಾಗಿಸಿದಾಗ ಬರುವ ಅನುಪಾತವು ಎರಡರ ಆಸುಪಾಸಿನಲ್ಲಿದ್ದರೆ ಫಿಲ್ಟರು ಸುಸ್ಥಿತಿಯಲ್ಲಿದೆಯೆಂದು ನಂಬಬಹುದು. ಇಲ್ಲಿ ಅವಸರ ಸಲ್ಲದು: ಎರಡೂ ಕೊನೆಯ ಸುರುಳಿಗಳನ್ನು ತಕ್ಕ ಕೆಪ್ಯಾಸಿಟರುಗಳಿಂದ ಅನುರಣನಕ್ಕೆ ತಾರದೆ ಅಳೆದರೆ, ಉತ್ತಮ ಫಿಲ್ಟರಿನ ರೇಖೆಯೂ ಏರುತಗ್ಗುಗಳಿಂದ ಕೂಡಿ ಕೆಟ್ಟುದರಂತೆ ತೋರುತ್ತದೆ. ಆದುದರಿಂದ ಬದಲಾಯಿಸಬಹುದಾದ ಕೆಪ್ಯಾಸಿಟರನ್ನು ಎರಡೂ ಕಡೆ ಜೋಡಿಸಿ, ಶಿಖರವು ಸಮವಾಗುವತನಕ ತಿರುಗಿಸಿದ ಮೇಲೆಯೇ ಅಂಕೆಗಳನ್ನು ಬರೆಯತಕ್ಕದ್ದು.

ಸುರುಳಿಯ ಅಖಂಡತೆಯನ್ನು ಓಮ್‌ಮೀಟರ್ ಹೇಳೀತು. ಒಳಗಿನ ಬಿಲ್ಲೆಗಳ ಸ್ಥಿತಿಯನ್ನು ಹೇಳದು. ಆರ್-390ಎ ಫಿಲ್ಟರುಗಳ ಒಳಗೆ ಆಘಾತ ತಡೆಯಲೆಂದು ಇಟ್ಟ ಫೋಮು ಕಾಲಾನುಕ್ರಮದಲ್ಲಿ ಕರಗಿ, ಅಂಟಾಗಿ ಬಿಲ್ಲೆಗಳಿಗೆ ಮೆತ್ತಿಕೊಂಡು ಕಂಪನವನ್ನು ಕುಗ್ಗಿಸುವುದುಂಟು. ಆಗ ಸುರುಳಿ ಸರಿಯಿದ್ದರೂ ಸಂಕೇತ ಕ್ಷೀಣವಾಗುತ್ತದೆ. ಅದೇ ರಿಸೀವರಿನಲ್ಲಿ ವಾಲ್ವಿನ ಪ್ಲೇಟ್ ವೋಲ್ಟೇಜನ್ನು ಫಿಲ್ಟರಿನಿಂದ ತಡೆದುನಿಲ್ಲಿಸುವುದು ಸಿ553 ಎಂಬ ಕೆಪ್ಯಾಸಿಟರೊಂದೇ. ಅದು ಕೆಟ್ಟು ಒಳಗೊಳಗೇ ಕೂಡಿಕೊಂಡರೆ ನೇರ ವಿದ್ಯುತ್ತು ಹರಿದು, ದುರ್ಲಭವಾದ ಸುರುಳಿಯು ಸುಟ್ಟುಹೋಗುತ್ತದೆ. ಆದುದರಿಂದ ಗುರುತಿಸಿದ ಫಿಲ್ಟರನ್ನು ಯಂತ್ರಕ್ಕೆ ಕೂಡಿಸುವುದಕ್ಕೆ ಮುನ್ನ ಆ ಕೆಪ್ಯಾಸಿಟರನ್ನು ತೆಗೆದು ಹೊಸದನ್ನು ಹಾಕುತ್ತೇನೆ.